ಮೀನನ್ನು ಕರೆತಂದರೆ ಸಾಕೇ?

ಯೂತ್ ಸರ್ವಿಸ್ ಸಂದೇಶ
ವಾಕ್ಯಭಾಗ: ಎಜ್ರ 2:59-63, ಎಜ್ರ 3:10-13, ಯೆಹೆಜ್ಕೇಲ 47:1-12

ಬೈಬಲ್ ತಂದವರು ತೆರೆಯಿರಿ. ಫೋನಲ್ಲಿ ಓದೋರು ಮೊದಲು ವಾಟ್ಸಾಪ್ ಮುಚ್ಚಿ, ಆಮೇಲೆ ತೆರೆಯಿರಿ. ಎಜ್ರನ ಪುಸ್ತಕ, ಮೂರನೆಯ ಅಧ್ಯಾಯ.

ಸೆರೆಯಿಂದ ಬಿಡುಗಡೆಯಾದ ಜನ ಬಾಬೆಲಿನಿಂದ ಯೆರೂಸಲೇಮಿಗೆ ಬಂದಿದ್ದಾರೆ. ದೇವಾಲಯದ ಅಸ್ತಿವಾರ ಹಾಕಿದ ದಿನ ಅದು. ಯಾಜಕರು ತುತೂರಿ ಹಿಡಿದು ನಿಂತಿದ್ದಾರೆ, ಲೇವಿಯರು ತಾಳ ಬಾರಿಸ್ತಿದ್ದಾರೆ, ಜನರೆಲ್ಲಾ ಆರ್ಭಟಿಸಿ ದೇವರನ್ನು ಕೊಂಡಾಡ್ತಿದ್ದಾರೆ. ಆದರೆ ಆ ಗುಂಪಿನಲ್ಲೇ ಕೆಲವು ಮುದುಕರು ಗಟ್ಟಿಯಾಗಿ ಅಳ್ತಿದ್ದಾರೆ. ಅವರು ಹಳೆಯ ದೇವಾಲಯವನ್ನು ಕಣ್ಣಾರೆ ಕಂಡವರು. ಕೊನೆಗೆ ಯಾವುದು ಹರ್ಷದ ಸ್ವರ, ಯಾವುದು ಅಳುವಿನ ಸ್ವರ ಅಂತ ಯಾರಿಗೂ ಗೊತ್ತಾಗಲಿಲ್ಲ ಅನ್ನುತ್ತೆ ವಾಕ್ಯ.

ಬೈಬಲ್ ಕಾಲೇಜಿನಲ್ಲಿ ಈ ಭಾಗದ ಮೇಲೆ ನಾನು ಒಂದು ಪ್ರಸಂಗ ಬರೆದಿದ್ದೆ. ಆ ಮುದುಕರಿಗೆ ವಿಶ್ವಾಸ ಕಡಿಮೆ, ಹಿಂದಿನದನ್ನೇ ಹಿಡಿದುಕೊಂಡು ಕೂತಿದ್ದರು ಅಂತ ಬೋಧಿಸಿದ್ದೆ. ಒಳ್ಳೆ ಮಾರ್ಕ್ಸ್ ಕೂಡ ಬಂತು. ಈಗ ಹಾಗೆ ಹೇಳೋಕೆ ಧೈರ್ಯ ಬರಲ್ಲ. ಕಳೆದುಹೋದದ್ದು ವಾಪಸ್ ಬಂದಾಗ ಅದು ಅದೇ ಆಗಿರುತ್ತಾ? ಅದೇ ಅಲ್ಲದಿದ್ದರೆ ಅದನ್ನು ವಾಪಸ್ ತರೋದರಲ್ಲಿ ಅರ್ಥ ಇದೆಯಾ? ವಾಪಸ್ ತಂದರೆ ನಮ್ಮ ಕರ್ತವ್ಯ ಮುಗೀತಾ?

ಈ ಪ್ರಶ್ನೆಯನ್ನು ಇವತ್ತು ಒಂದು ಮೀನಿನ ಮೂಲಕ ನೋಡೋಣ. ನಗಬೇಡಿ! ನಮ್ಮ ಕರ್ತನು ಮೊದಲು ಕರೆದದ್ದೇ ಬೆಸ್ತರನ್ನು.

ಒಂದು ನದಿ, ಒಂದು ಮೀನು, ಒಬ್ಬ ಪಾಸ್ಟರ್

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಉತ್ತರ ಭಾಗದಲ್ಲಿ ಶಾಸ್ತಾ ಅನ್ನೋ ಹಿಮದ ಬೆಟ್ಟ ಇದೆ. ಅದರ ಹತ್ತಿರದ ಬುಗ್ಗೆಗಳಿಂದ ತಣ್ಣನೆಯ ನೀರು ಹರಿದು ಮೆಕ್‌ಕ್ಲೌಡ್ ಅನ್ನೋ ನದಿಯಾಗುತ್ತೆ. ಆ ನೀರು ಸ್ಯಾಕ್ರಮೆಂಟೋ ನದಿಗೆ ಸೇರಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಮೂಲಕ ಪೆಸಿಫಿಕ್ ಸಾಗರಕ್ಕೆ ಹೋಗುತ್ತೆ. ಆ ನದಿಯಲ್ಲಿ ಚಿನೂಕ್ ಸಾಲ್ಮನ್ ಅನ್ನೋ ದೊಡ್ಡ ಮೀನು ಇತ್ತು.

ಸಾಲ್ಮನ್ ಜೀವನ ಹೇಗೆ ಗೊತ್ತಾ? ಬೆಟ್ಟದ ನದಿಯ ಜಲ್ಲಿಕಲ್ಲಿನ ನಡುವೆ ಮೊಟ್ಟೆಯಿಂದ ಹೊರಗೆ ಬರುತ್ತೆ. ಬೆರಳುದ್ದ ಬೆಳೆದ ಮೇಲೆ ಹೊಳೆಯ ಜೊತೆ ಇಳಿದು ಸಮುದ್ರಕ್ಕೆ ಹೋಗುತ್ತೆ. ಅಲ್ಲಿ ಕೆಲವು ವರ್ಷ ತಿಂದು ಬೆಳೆಯುತ್ತೆ. ಆಮೇಲೆ ಒಂದು ದಿನ ತಿರುಗುತ್ತೆ. ಪ್ರವಾಹಕ್ಕೆ ಎದುರಾಗಿ ಈಜಿ, ಆಹಾರ ಬಿಟ್ಟು, ತಾನು ಹುಟ್ಟಿದ ಹೊಳೆಗೇ ಬಂದು ಮೊಟ್ಟೆ ಇಟ್ಟು ಸಾಯುತ್ತೆ.

ಅಷ್ಟು ದೊಡ್ಡ ಸಾಗರದಿಂದ ತನ್ನ ಹೊಳೆಯನ್ನು ಹೇಗೆ ಹುಡುಕುತ್ತೆ? ಆರ್ಥರ್ ಹಾಸ್ಲರ್ ಅನ್ನೋ ವಿಜ್ಞಾನಿ ಇದರ ಹಿಂದೆ ಬಿದ್ದಿದ್ದ. ಅವನು ಯೂಟಾದ ಬೆಟ್ಟ ಹತ್ತುತ್ತಿದ್ದಾಗ, ಕಣ್ಣಿಗೆ ಕಾಣದ ಒಂದು ಜಲಪಾತದ ಕಡೆಯಿಂದ ಪಾಚಿ, ಹೂವಿನ ವಾಸನೆ ತೇಲಿ ಬಂತಂತೆ. ತಕ್ಷಣ ಅವನಿಗೆ ಮರೆತೇಹೋಗಿದ್ದ ಬಾಲ್ಯದ ನೆನಪು ಬಂತು. ಮೀನಿಗೂ ಹೀಗೇ ಆಗುತ್ತಾ ಅಂತ ಅಲ್ಲೇ ಹೊಳೆಯಿತು. ಮುಂದೆ ಅವನೂ ಅವನ ಜೊತೆಯವರೂ ಮರಿಗಳನ್ನು ಒಂದು ರಾಸಾಯನಿಕದ ವಾಸನೆಯಲ್ಲಿ ಬೆಳೆಸಿ ಬಿಟ್ಟು, ಅವು ದೊಡ್ಡವಾದ ಮೇಲೆ ಆ ವಾಸನೆ ಹಾಕಿದ ಹೊಳೆಗೇ ಬರೋದನ್ನು ತೋರಿಸಿದರು. ಮರಿ ಇದ್ದಾಗ ಮೂಗಿಗೆ ಬಿದ್ದ ನೀರಿನ ವಾಸನೆ ಆ ಮೀನಿನ ಒಳಗೆ ಅಚ್ಚಾಗಿ ಉಳಿಯುತ್ತೆ. ನಮ್ಮಲ್ಲಿ ಊರು ಬಿಟ್ಟು ಬೆಂಗಳೂರಿಗೆ ಬಂದು ಪಿಜಿಯಲ್ಲಿ ಇರೋರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲ ಮಳೆ ಬಿದ್ದಾಗ ನಿಮಗೆ ಏನಾಗುತ್ತೆ ಅಂತ ನಿಮಗೇ ಗೊತ್ತು.

ಮೆಕ್‌ಕ್ಲೌಡ್ ದಡದಲ್ಲಿ ವಿನ್ನೆಮೆಮ್ ವಿಂಟು ಅನ್ನೋ ಮೂಲನಿವಾಸಿ ಜನ ತಲತಲಾಂತರದಿಂದ ಇದ್ದಾರೆ. ವಿನ್ನೆಮೆಮ್ ಅಂದರೆ ನಡುವಿನ ನೀರು. ಅವರ ಹಿರಿಯರು ಹೇಳುವ ಪ್ರಕಾರ, ಆದಿಯಲ್ಲಿ ಮನುಷ್ಯರಿಗೆ ಮಾತು ಇರಲಿಲ್ಲ. ಸಾಲ್ಮನ್ ತನ್ನ ಸ್ವರವನ್ನು ಮನುಷ್ಯರಿಗೆ ಕೊಟ್ಟು ತಾನು ಮೌನವಾಯಿತು. ಅದಕ್ಕೆ ಬದಲಾಗಿ, ನಿನ್ನ ಪರವಾಗಿ ನಾವು ಯಾವಾಗಲೂ ಮಾತಾಡ್ತೀವಿ ಅಂತ ಮನುಷ್ಯರು ಮಾತು ಕೊಟ್ಟರು.

1872ರಲ್ಲಿ ಲಿವಿಂಗ್‌ಸ್ಟನ್ ಸ್ಟೋನ್ ಅನ್ನೋ ವ್ಯಕ್ತಿ ಆ ದಡಕ್ಕೆ ಬಂದ. ಇವನು ಮೊದಲು ನ್ಯೂ ಹ್ಯಾಂಪ್‌ಶೈರಿನಲ್ಲಿ ಪಾಸ್ಟರ್ ಆಗಿದ್ದವನು! ಆಮೇಲೆ ಮೀನು ಸಾಕಣೆಗೆ ಇಳಿದ. ಅಮೆರಿಕದ ಪೂರ್ವ ಕರಾವಳಿಯ ನದಿಗಳಲ್ಲಿ ಸಾಲ್ಮನ್ ಕಡಿಮೆಯಾಗಿತ್ತು. ಪಶ್ಚಿಮದ ಮೊಟ್ಟೆಗಳನ್ನು ಅಲ್ಲಿಗೆ ಕಳಿಸಿದರೆ ಕೊರತೆ ತುಂಬುತ್ತೆ ಅಂತ ಸರ್ಕಾರದ ಯೋಜನೆ. ಬೇಡದ ಅತಿಥಿಯಾಗಿ ಬಂದ ಸ್ಟೋನ್ ಕೊನೆಗೆ ವಿನ್ನೆಮೆಮ್ ಜನರ ಸಹಾಯದಿಂದಲೇ ಬೇರ್ಡ್ ಅನ್ನೋ ಮೊಟ್ಟೆ ಕೇಂದ್ರ ನಡೆಸಿದ. ಪಾಚಿಯಲ್ಲಿ ಸುತ್ತಿ, ಐಸ್ ಇಟ್ಟು, ರೈಲಿನಲ್ಲಿ, ಹಡಗಿನಲ್ಲಿ ಮೊಟ್ಟೆಗಳು ದೂರದೂರಕ್ಕೆ ಹೋದವು. ಪೂರ್ವ ಕರಾವಳಿಯಲ್ಲಿ ಅವು ನೆಲೆಯೂರಲೇ ಇಲ್ಲ.

ಆದರೆ ಒಂದು ಕಡೆ ನೆಲೆಯೂರಿದವು. ನ್ಯೂಜಿಲೆಂಡಿನಲ್ಲಿ! 1901ರಿಂದ 1907ರ ನಡುವೆ ಸ್ಯಾಕ್ರಮೆಂಟೋ ನದೀಜಾಲದಿಂದ ಹೋದ ಮೊಟ್ಟೆಗಳು ಅಲ್ಲಿನ ದಕ್ಷಿಣ ದ್ವೀಪದ ಹೊಳೆಗಳಲ್ಲಿ ಉಳಿದುಕೊಂಡವು. ರಕಾಯ ಅನ್ನೋ ನದಿಯಲ್ಲಿ ಇವತ್ತಿಗೂ ಚಿನೂಕ್ ಇದೆ. ಯಾರೂ ಸಾಕದೆ, ತಾನಾಗಿಯೇ ಸಮುದ್ರಕ್ಕೆ ಹೋಗಿ ಬರುತ್ತೆ.

ಒಳ್ಳೇದಾಯ್ತು ಅಂದರೆ ಲೆಕ್ಕ ಮುಗೀತಾ?

ಇತ್ತ ತಾಯಿನಾಡಲ್ಲಿ ಏನಾಯ್ತು? 1938ರಲ್ಲಿ ಶಾಸ್ತಾ ಅಣೆಕಟ್ಟಿನ ಕೆಲಸ ಶುರುವಾಯಿತು, 1945ರಲ್ಲಿ ಮುಗಿಯಿತು. 600 ಅಡಿಗೂ ಹೆಚ್ಚು ಎತ್ತರದ ಕಾಂಕ್ರೀಟ್ ಗೋಡೆ. ಮೀನು ಹತ್ತಿ ಹೋಗಲು ಒಂದು ಮೆಟ್ಟಿಲೂ ಇಟ್ಟಿಲ್ಲ. ವಿನ್ನೆಮೆಮ್ ಜನರ ಊರುಗಳು, ಪ್ರಾರ್ಥನೆಯ ಸ್ಥಳಗಳು ನೀರಿನ ಕೆಳಗೆ ಹೋದವು. ಸಮಾಧಿಗಳನ್ನು ಅಗೆದು ಬೇರೆ ಕಡೆ ಹೂಳಿದರು. ಸಮುದ್ರದಿಂದ ಬಂದ ಸಾಲ್ಮನ್ ತನ್ನ ಮನೆಯ ವಾಸನೆ ಹಿಡಿದು ಗೋಡೆಯ ಬುಡದವರೆಗೆ ಬಂತು. ಅಲ್ಲಿಗೆ ನಿಂತಿತು.

ಇಲ್ಲಿ ನಾವು ಪ್ರಸಂಗಿಗಳು ಒಂದು ಅವಸರದ ಕೆಲಸ ಮಾಡ್ತೀವಿ. "ನೋಡಿ, ದೇವರ ಯೋಜನೆ! ಮೊದಲೇ ಮೊಟ್ಟೆಗಳನ್ನು ನ್ಯೂಜಿಲೆಂಡಿಗೆ ಕಳಿಸಿ ಸಂತತಿಯನ್ನು ಕಾಪಾಡಿದ, ಯೋಸೇಫನನ್ನು ಐಗುಪ್ತಕ್ಕೆ ಕಳಿಸಿದ ಹಾಗೆ" ಅಂದುಬಿಡ್ತೀವಿ. ದೇವರು ಹಾಗೆ ಮಾಡಬಲ್ಲನು, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ಆದಿಕಾಂಡ 50 ಓದಿ. ಕೇಡನ್ನು ದೇವರು ಒಳ್ಳೇದಕ್ಕೆ ತಿರುಗಿಸಿದನು ಅನ್ನೋ ಮಾತು ಬಂದದ್ದು ಯೋಸೇಫನ ಬಾಯಿಂದ, ಗುಂಡಿಗೆ ಬಿದ್ದವನ ಬಾಯಿಂದ. ಅದು ಅಣ್ಣಂದಿರು ತಮ್ಮ ಬಗ್ಗೆ ಹೇಳಿಕೊಳ್ಳೋ ಮಾತಲ್ಲ. ಗುಂಡಿಗೆ ಹಾಕಿದವನೇ "ಎಲ್ಲಾ ಒಳ್ಳೇದಕ್ಕೇ ಆಯ್ತು ಬಿಡು" ಅಂದರೆ ಅದು ವಿಶ್ವಾಸ ಅಲ್ಲ, ತಪ್ಪಿಸಿಕೊಳ್ಳೋದು.

ಸ್ಟೋನ್ ಕೆಟ್ಟವನಲ್ಲ. ಅದನ್ನೂ ಹೇಳಬೇಕು. 1892ರಲ್ಲಿ ಅವನೇ ಎದ್ದು ನಿಂತು, ಸಾಲ್ಮನ್‌ಗೆ ಒಂದು ರಾಷ್ಟ್ರೀಯ ಅಭಯಸ್ಥಾನ ಬೇಕು ಅಂತ ಬೇಡಿಕೊಂಡ. ಒಳ್ಳೆ ಮನಸ್ಸಿನಿಂದ ಮಾಡಿದ ಕೆಲಸದಲ್ಲೂ ಯಾರದೋ ಒಂದು ಪಾಲು ಅವರನ್ನು ಕೇಳದೇ ಹೋಗಿಬಿಡಬಹುದು. ಸೇವೆಯಲ್ಲಿರುವ ನಾವು ಇದನ್ನು ನೆನಪಿಡಬೇಕು.

ಮಾತು ಕೊಟ್ಟವರು

2010ರಲ್ಲಿ ವಿನ್ನೆಮೆಮ್ ಜನರ ಮುಖ್ಯಸ್ಥೆ ಕ್ಯಾಲೀನ್ ಸಿಸ್ಕ್ ಅವರ ಜೊತೆ ಆ ಸಮುದಾಯದ ಸುಮಾರು 30 ಜನ ನ್ಯೂಜಿಲೆಂಡಿಗೆ ಹೋದರು. ದೊಡ್ಡ ಸಂಖ್ಯೆಯ ಜನಾಂಗ ಅಲ್ಲ ಅದು. ಅಮೆರಿಕದ ಕೇಂದ್ರ ಸರ್ಕಾರ ಅವರನ್ನು ಅಧಿಕೃತ ಬುಡಕಟ್ಟು ಅಂತ ಪಟ್ಟಿಯಲ್ಲಿ ಸೇರಿಸಿಯೂ ಇಲ್ಲ. ರಕಾಯ ನದಿಯ ದಡದಲ್ಲಿ ಅವರು ತಮ್ಮ ರೀತಿಯಲ್ಲಿ ಹಾಡಿ ಕುಣಿದು ಮೀನಿನ ಹತ್ತಿರ ಕ್ಷಮೆ ಕೇಳಿದರು. ಆ ನಾಡಿನ ಮಾವೊರಿ ಜನರು ಅವರನ್ನು ಬರಮಾಡಿಕೊಂಡರು. ಈ ಮೀನುಗಳ ಮೊಟ್ಟೆಯನ್ನು ಮತ್ತೆ ಮೆಕ್‌ಕ್ಲೌಡಿಗೆ ತರಬೇಕು ಅನ್ನೋದು ಅವರ ಬೇಡಿಕೆ.

ಅವರ ಆರಾಧನೆ ನಮ್ಮದಲ್ಲ. ನಾವು ಜೀವವುಳ್ಳ ದೇವರನ್ನು ಆರಾಧಿಸುವವರು, ಅದರಲ್ಲಿ ಗೊಂದಲ ಬೇಡ. ಆದರೆ ಯೆರೆಮೀಯ 35 ತೆಗೆಯಿರಿ. ರೇಕಾಬ್ಯರು ಅನ್ನೋ ಗುಡಾರವಾಸಿಗಳು ತಮ್ಮ ಪೂರ್ವಿಕನ ಒಂದು ಮಾತನ್ನು ತಲೆಮಾರುಗಳ ಕಾಲ ಕಾಪಾಡಿಕೊಂಡು ಬಂದಿದ್ದರು. ದೇವರು ಅವರನ್ನು ದೇವಾಲಯದ ಕೋಣೆಗೆ ಕರೆಸಿ, ಯೆಹೂದದ ಜನರಿಗೆ ತೋರಿಸಿ, ಇವರು ಮನುಷ್ಯನ ಮಾತನ್ನು ಹೀಗೆ ಉಳಿಸಿಕೊಂಡಿದ್ದಾರೆ, ನೀವು ನನ್ನ ಮಾತನ್ನು ಉಳಿಸಿಕೊಳ್ಳಲಿಲ್ಲ ಅಂತ ನಾಚಿಕೆಪಡಿಸಿದನು. ಒಂದು ಮೀನಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳೋಕೆ ಸಾಗರ ದಾಟಿ ಹೋದವರ ಮುಂದೆ, ಜನವರಿಯ ಉಪವಾಸ ಕೂಟದಲ್ಲಿ ಮಾಡಿದ ಹರಕೆಯನ್ನು ಮಾರ್ಚಿನಲ್ಲಿ ಮರೆಯೋ ನಾನು ತಲೆ ತಗ್ಗಿಸಬೇಕು.

ಇವು ಅದೇ ಮೀನಾ?

ಈಗ ಕಷ್ಟದ ಪ್ರಶ್ನೆ. ನೂರಕ್ಕೂ ಹೆಚ್ಚು ವರ್ಷ ಬೇರೆ ನಾಡಲ್ಲಿ ಇದ್ದ ಮೀನು ಅದೇ ಮೀನಾ?

ವಿಜ್ಞಾನಿಗಳು ಸುಮ್ಮನೆ ಅಡ್ಡಿ ಮಾಡೋಕೆ ಇದನ್ನು ಕೇಳ್ತಿಲ್ಲ. ಕಾರಣಗಳಿವೆ. ಸ್ಯಾಕ್ರಮೆಂಟೋದ ಚಿನೂಕ್‌ನಲ್ಲಿ ಬೇರೆ ಬೇರೆ ಗುಂಪುಗಳಿವೆ. ಯಾವ ಕಾಲದಲ್ಲಿ ಸಮುದ್ರ ಬಿಟ್ಟು ನದಿಗೆ ಬರುತ್ತೋ ಅದರ ಮೇಲೆ ಚಳಿಗಾಲದ ಗುಂಪು, ವಸಂತದ ಗುಂಪು, ಶರತ್ಕಾಲದ ಗುಂಪು ಅಂತ ಹೆಸರು. ಚಳಿಗಾಲದ ಗುಂಪು ಬೇಸಿಗೆಯಲ್ಲಿ ಮೊಟ್ಟೆ ಇಡುತ್ತೆ, ಅದಕ್ಕೆ ಮೆಕ್‌ಕ್ಲೌಡ್‌ನಂತಹ ಬುಗ್ಗೆ ನೀರಿನ ತಂಪು ಬೇಕೇ ಬೇಕು. ನ್ಯೂಜಿಲೆಂಡಿನ ಮೀನು ಹೆಚ್ಚಾಗಿ ಶರತ್ಕಾಲದ ಗುಂಪಿನ ಸಂತತಿ ಅಂತ ಅಧ್ಯಯನಗಳು ಹೇಳ್ತವೆ. ಅದೂ ಅಲ್ಲದೆ, ಆ ನಾಡಿಗೆ ಹೋದ ಮೇಲೆ ಸುಮಾರು 30 ತಲೆಮಾರುಗಳಲ್ಲೇ ಅಲ್ಲಿನ ಒಂದೊಂದು ನದಿಯ ಮೀನು ಒಂದೊಂದು ರೀತಿಗೆ ಹೊಂದಿಕೊಂಡು ಬದಲಾಗಿದೆ. ಜೊತೆಗೆ ರೋಗದ ಭಯ. ಅಣೆಕಟ್ಟಿನ ಕೆಳಗೆ ಹೇಗೋ ಉಸಿರು ಹಿಡಿದುಕೊಂಡಿರುವ ಚಳಿಗಾಲದ ಗುಂಪು 1994ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ದೂರದಿಂದ ಬಂದವರು ಮನೆಯಲ್ಲಿ ಉಳಿದವರಿಗೆ ಅಪಾಯ ಆಗಬಾರದಲ್ವಾ?

ಆ ಜನರ ವಾದವೂ ಸುಲಭಕ್ಕೆ ತಳ್ಳುವಂಥದ್ದಲ್ಲ. ಕೆಳಗಿರುವ ಮೀನು ತಲೆಮಾರುಗಳಿಂದ ಬಿಸಿ ಬಯಲಲ್ಲಿ, ಗೋಡೆಯ ಬುಡದಲ್ಲಿ, ಮೊಟ್ಟೆ ಕೇಂದ್ರದ ತೊಟ್ಟಿಯ ಸಹಾಯದಲ್ಲಿ ಬದುಕಿದೆ. ರಕಾಯದ ಮೀನು ಹಿಮದ ನೀರಿನಲ್ಲಿ ತನ್ನಷ್ಟಕ್ಕೆ ಬೆಟ್ಟ ಹತ್ತಿ ಬದುಕಿದೆ. ಕಾಡುತನ ಉಳಿದದ್ದು ಯಾವುದರಲ್ಲಿ ಅಂತ ಅವರು ಕೇಳ್ತಾರೆ.

ಈಗ ಎಜ್ರ ಎರಡನೆಯ ಅಧ್ಯಾಯಕ್ಕೆ ಬನ್ನಿ. ನಾವು ಯಾವಾಗಲೂ ಹಾರಿಸಿಬಿಡೋ ಹೆಸರುಗಳ ಪಟ್ಟಿ. 59ನೆಯ ವಚನದಿಂದ ಕೆಲವರು ಬರ್ತಾರೆ. ಬಾಬೆಲಿನಿಂದ ಹೊರಟು ಬಂದಿದ್ದಾರೆ, ಆದರೆ ತಮ್ಮ ತಂದೆಯ ಮನೆ ಯಾವುದು, ತಾವು ಇಸ್ರಾಯೇಲ್ಯರೋ ಅಲ್ಲವೋ ಅಂತ ತೋರಿಸೋಕೆ ಅವರಿಂದ ಆಗಲಿಲ್ಲ. ಕೆಲವು ಯಾಜಕ ಕುಟುಂಬಗಳು ವಂಶಾವಳಿಯ ದಾಖಲೆ ಹುಡುಕಿದರು, ಸಿಗಲಿಲ್ಲ. ಆಗ ಏನು ಮಾಡಿದರು? ಊರೀಮ್ ತುಮ್ಮೀಮ್ ಉಳ್ಳ ಯಾಜಕನು ಏಳುವ ತನಕ ನೀವು ಮಹಾಪರಿಶುದ್ಧವಾದದ್ದನ್ನು ತಿನ್ನಬಾರದು ಅಂದರು.

ಓದುವಾಗ ಕಠಿಣ ಅನ್ನಿಸುತ್ತೆ. ಆದರೆ ಗಮನಿಸಿ, ಅವರನ್ನು ಬಾಬೆಲಿಗೆ ವಾಪಸ್ ಅಟ್ಟಲಿಲ್ಲ. ಅವರ ಹೆಸರು ಬಂದವರ ಪಟ್ಟಿಯಲ್ಲೇ ಇದೆ, ಇವತ್ತಿಗೂ ನಮ್ಮ ಬೈಬಲಿನಲ್ಲಿ ಇದೆ. ಯಾಜಕತ್ವದ ವಿಷಯ ಮಾತ್ರ ನಿಧಾನಿಸಿ ನೋಡೋಣ ಅಂದರು. ಎಚ್ಚರಿಕೆ ಬೇರೆ, ತಿರಸ್ಕಾರ ಬೇರೆ. "ನೀನು ಯಾರು ಅಂತ ನನಗೆ ಪೂರ್ತಿ ಗೊತ್ತಿಲ್ಲ, ತಿಳಿಯೋವರೆಗೆ ಜೊತೆಗಿರು" ಅನ್ನೋದು ಎಚ್ಚರಿಕೆ. "ದಾಖಲೆ ತರೋವರೆಗೆ ಹೊರಗೆ ನಿಲ್ಲು" ಅನ್ನೋದು ತಿರಸ್ಕಾರ. ಪರೀಕ್ಷೆ ಮಾಡಿ ನೋಡೋಣ ಅನ್ನೋ ವಿಜ್ಞಾನಿಯನ್ನು ನಾನು ಗೌರವಿಸ್ತೀನಿ. ಆದರೆ ಪರೀಕ್ಷೆಯ ಹೆಸರಲ್ಲಿ ವರ್ಷಗಟ್ಟಲೆ ಕಡತ ಮುಚ್ಚಿಡೋದನ್ನು ಎಜ್ರನ ಪುಸ್ತಕ ಕಲಿಸಲ್ಲ.

ಅದೇ ಮೀನಾ ಅನ್ನೋ ಪ್ರಶ್ನೆಗೆ ನನ್ನ ಉತ್ತರ: ಅಲ್ಲ, ಅದೇ ಅಲ್ಲ. ಆದರೆ ಆ ನದಿಯೂ ಅದೇ ಅಲ್ಲ! ಅದರ ಕೆಳಭಾಗ ಈಗ ಜಲಾಶಯ. ಮೊದಲು ಅಲ್ಲಿದ್ದ ಬುಲ್ ಟ್ರೌಟ್ ಅನ್ನೋ ಮೀನು ಈಗ ಆ ನದಿಯಲ್ಲೇ ಇಲ್ಲ. ಬಾಬೆಲಿನಿಂದ ಬಂದವರೂ ಹೋದವರಲ್ಲ. ಹೋದವರಲ್ಲಿ ಬಹಳಷ್ಟು ಜನ ಅಲ್ಲೇ ಸತ್ತರು. ಬಂದವರು ಅಲ್ಲಿ ಹುಟ್ಟಿದವರು, ಅಲ್ಲಿನ ಮಾತು ಕಲಿತವರು. ಆದರೂ ದೇವರು ಅದನ್ನು ಹಿಂತಿರುಗುವಿಕೆ ಅಂತಲೇ ಕರೆದನು. ಹಾಗಾದರೆ ದೇವರ ಲೆಕ್ಕದಲ್ಲಿ ಹಿಂತಿರುಗೋದು ಅಂದರೆ ಹಳೆಯ ಸ್ಥಿತಿಗೆ ಹೋಗೋದಲ್ಲ. ಮುರಿದುಹೋಗಿದ್ದ ಸಂಬಂಧ ಮತ್ತೆ ಶುರುವಾಗೋದು. ಅದಕ್ಕೇ ಅಸ್ತಿವಾರದ ದಿನ ಎರಡು ಸ್ವರ. ಸಿಕ್ಕಿದ್ದಕ್ಕೆ ಆರ್ಭಟ, ಇನ್ನು ಯಾವತ್ತೂ ಸಿಗದೇ ಇರೋದಕ್ಕೆ ಅಳು. ಎರಡೂ ನಿಜ. ದೇವರು ಆ ದಿನ ಯಾರ ಬಾಯನ್ನೂ ಮುಚ್ಚಿಸಲಿಲ್ಲ.

ಲಾರಿಯಲ್ಲಿ ಬಂದ ಮೀನು

2022ರ ಬೇಸಿಗೆಯಲ್ಲಿ ಏನಾಯ್ತು ಕೇಳಿ. ಬರಗಾಲದಲ್ಲಿ ಅಣೆಕಟ್ಟಿನ ಕೆಳಗಿನ ನೀರು ಬಿಸಿಯಾಗಿ ಮೊಟ್ಟೆಗಳು ಸಾಯ್ತಿದ್ದವು. ಆಗ ಅಧಿಕಾರಿಗಳು, ವಿನ್ನೆಮೆಮ್ ಜನರು ಸೇರಿ ಚಳಿಗಾಲದ ಗುಂಪಿನ ಸುಮಾರು 40,000 ಮೊಟ್ಟೆಗಳನ್ನು ಮೆಕ್‌ಕ್ಲೌಡ್ ದಡಕ್ಕೆ ತಂದರು. ಸುಮಾರು 80 ವರ್ಷದ ಮೇಲೆ ಆ ನೀರಲ್ಲಿ ಸಾಲ್ಮನ್ ಮರಿ ಈಜಿತು. ಅವು ನ್ಯೂಜಿಲೆಂಡಿನ ಮೊಟ್ಟೆಗಳಲ್ಲ, ಅಣೆಕಟ್ಟಿನ ಬುಡದಲ್ಲಿರುವ ಸರ್ಕಾರಿ ಮೊಟ್ಟೆ ಕೇಂದ್ರದ್ದು. ಆ ಕೇಂದ್ರದ ಹೆಸರೇನು ಗೊತ್ತಾ? ಲಿವಿಂಗ್‌ಸ್ಟನ್ ಸ್ಟೋನ್! ಮೊಟ್ಟೆಗಳನ್ನು ಹೊರಗೆ ಕಳಿಸಿದ ಅದೇ ಪಾಸ್ಟರ್ ಹೆಸರಿನ ಮನೆಯಿಂದ ಮೊಟ್ಟೆಗಳು ಮರಳಿದವು. 2023ರಲ್ಲಿ ರಾಜ್ಯದ, ಕೇಂದ್ರದ ಮೀನು ಇಲಾಖೆಗಳು ಆ ಜನರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದವು. ಪಟ್ಟಿಯಲ್ಲಿ ಇಲ್ಲದವರು ಈಗ ಮೇಜಿನ ಒಂದು ಕಡೆ ಕೂತಿದ್ದಾರೆ. ಹಲ್ಲೆಲೂಯ ಅನ್ನಬೇಕಾದ ವಿಷಯ.

ಆದರೆ ಒಂದು ಮಾತು ಬಾಕಿ ಇದೆ. ಆ ಮರಿಗಳು ಸಮುದ್ರಕ್ಕೆ ಹೋಗೋದು ಹೇಗೆ? ನದಿಯಲ್ಲಿ ಬಲೆಪೆಟ್ಟಿಗೆ ಇಟ್ಟು ಹಿಡಿದು, ವಾಹನದಲ್ಲಿ ಹಾಕಿ, ಅಣೆಕಟ್ಟು ದಾಟಿಸಿ ಕೆಳಗೆ ಬಿಟ್ಟರು. ಯಾಕಂದರೆ ಗೋಡೆ ಅಲ್ಲೇ ಇದೆ. ಅದಕ್ಕೇ ವಿನ್ನೆಮೆಮ್ ಜನರು ಕೇಳ್ತಿರೋದು ಬರೀ ಮೊಟ್ಟೆಯನ್ನಲ್ಲ, ಅಣೆಕಟ್ಟನ್ನು ಬಳಸಿಕೊಂಡು ಹೋಗುವ ಒಂದು ನೀರಿನ ದಾರಿಯನ್ನು. ಮೀನು ತಾನೇ ಹೋಗಿ ತಾನೇ ಬರುವ ದಾರಿ.

ಅಣೆಕಟ್ಟು ಸುಮ್ಮನೆ ನಿಂತಿಲ್ಲ ಅನ್ನೋದೂ ಸತ್ಯ. ಅದರ ನೀರಿನಿಂದ ಬಯಲಿನ ಹೊಲಗಳು ಬೆಳೆಯುತ್ತವೆ, ಅದರ ಕರೆಂಟು ಮನೆಗಳನ್ನು ಬೆಳಗುತ್ತೆ. ನಾವೂ ಕಾವೇರಿ ನೀರು ಕುಡಿದು ಬದುಕೋ ನಗರದವರು, ಅಣೆಕಟ್ಟನ್ನು ಬೈಯೋದು ನಮಗೆ ಶೋಭಿಸಲ್ಲ. ಆದರೆ ಲಾಭ ಒಂದು ಕಡೆಗೆ, ಬಿಲ್ಲು ಇನ್ನೊಂದು ಕಡೆಗೆ ಹೋಗಿದ್ದರೆ, ಲಾಭ ಪಡೆದವನು ಆ ಬಿಲ್ಲನ್ನು ಒಮ್ಮೆ ಕೈಯಲ್ಲಿ ಹಿಡಿದು ಓದಬೇಕಲ್ವಾ? ಲೂಕ 19ರಲ್ಲಿ ಜಕ್ಕಾಯನು ಕರ್ತನನ್ನು ಮನೆಗೆ ಸೇರಿಸಿಕೊಂಡ ದಿನ ಬರೀ ಅಳಲಿಲ್ಲ, ಬರೀ ಆರಾಧಿಸಲಿಲ್ಲ. ಯಾರಿಂದ ಅನ್ಯಾಯವಾಗಿ ತಗೊಂಡಿದ್ದನೋ ಅವರಿಗೆ ನಾಲ್ಕರಷ್ಟು ಕೊಡ್ತೀನಿ ಅಂತ ಎದ್ದು ನಿಂತು ಹೇಳಿದನು. ಆ ಮನೆಗೆ ರಕ್ಷಣೆ ಬಂತು ಅಂತ ಕರ್ತನು ಹೇಳಿದ್ದು ಆ ಮಾತಿನ ನಂತರ.

ನಾನು ಕಟ್ಟಿದ ಗೋಡೆ

ಇಲ್ಲಿ ನನ್ನ ಒಂದು ವಿಷಯ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಆರಾಧನಾ ತಂಡದಲ್ಲಿ ಒಬ್ಬ ಹುಡುಗ ಕೀಬೋರ್ಡ್ ನುಡಿಸ್ತಿದ್ದ. ಪ್ರಾಕ್ಟೀಸಿಗೆ ಮೂರು ವಾರ ಬರಲಿಲ್ಲ. ನಾನು ಎಲ್ಲರ ಮುಂದೆ, ದೇವರ ಕೆಲಸವನ್ನು ಹಗುರವಾಗಿ ತಗೊಳ್ಳೋರು ವೇದಿಕೆ ಮೇಲೆ ಬೇಡ ಅಂದುಬಿಟ್ಟೆ. ಮನೆಯಲ್ಲಿ ತಂದೆಗೆ ಹುಷಾರಿಲ್ಲ, ಅದಕ್ಕೆ ಅವನು ನೈಟ್ ಶಿಫ್ಟ್ ಹಿಡಿದಿದ್ದ ಅಂತ ನನಗೆ ಆಮೇಲೆ ಗೊತ್ತಾಯ್ತು. ಅವನು ಸಭೆಗೆ ಬರೋದು ನಿಲ್ಲಿಸಿದ.

ನಾನು ಏನು ಮಾಡಿದೆ? ಅವನಿಗೋಸ್ಕರ ಪ್ರಾರ್ಥಿಸಿದೆ. ನಿಜವಾಗಿಯೂ ಕಣ್ಣೀರಿಟ್ಟು ಪ್ರಾರ್ಥಿಸಿದೆ. ಮಿಸ್ ಯೂ ಬ್ರದರ್ ಅಂತ ಮೆಸೇಜು ಕಳಿಸಿದೆ. ಒಂದು ಕ್ರಿಸ್ಮಸ್ಸಿಗೆ ಕಾರು ಕಳಿಸಿ ಕರೆಸಿದೆ. ಬಂದ, ಹಿಂದಿನ ಸಾಲಲ್ಲಿ ಕೂತ, ಕೇಕ್ ತಿಂದ, ಹೋದ. ಮತ್ತೆ ಬರಲಿಲ್ಲ. ಅವನ ಹೃದಯ ಕಠಿಣವಾಗಿದೆ ಅಂತ ನಾನು ಅಂದುಕೊಂಡೆ.

ಈ ಮೀನಿನ ಕಥೆ ಓದುವಾಗ ಪವಿತ್ರಾತ್ಮನು ನನ್ನನ್ನು ಹಿಡಿದನು. ನಾನು ಅವನನ್ನು ವಾಹನದಲ್ಲಿ ತಂದು ನದಿಗೆ ಬಿಟ್ಟಿದ್ದೆ, ಗೋಡೆಯನ್ನು ಮುಟ್ಟಿರಲಿಲ್ಲ. ನಾನು ಅವನನ್ನು ಅವಮಾನ ಮಾಡಿದ್ದು ಎಲ್ಲರ ಮುಂದೆ. ನನ್ನ ತಪ್ಪು ಅಂತ ನಾನು ಒಬ್ಬರ ಮುಂದೂ ಹೇಳಿರಲಿಲ್ಲ. ಆ ಗೋಡೆಯಿಂದ ನನಗೆ ಲಾಭ ಇತ್ತು, ಕಟ್ಟುನಿಟ್ಟಿನ ಪಾಸ್ಟರ್ ಅನ್ನೋ ಹೆಸರು. ಕಳೆದ ತಿಂಗಳು ಅವನ ಮನೆಗೆ ಹೋದೆ. ಅವನು ಈಗ ಬೇರೆ ಸಭೆಯಲ್ಲಿ ಇದ್ದಾನೆ, ಚೆನ್ನಾಗಿದ್ದಾನೆ, ನುಡಿಸ್ತಿದ್ದಾನೆ. ಇಲ್ಲಿಗೆ ಬಾ ಅಂತ ನಾನು ಕೇಳಲಿಲ್ಲ. ನಿನ್ನನ್ನು ಎಲ್ಲರ ಮುಂದೆ ಅಂದದ್ದನ್ನು ಎಲ್ಲರ ಮುಂದೆಯೇ ವಾಪಸ್ ತಗೊಳ್ತೀನಿ, ಒಪ್ಪಿಗೆ ಇದೆಯಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೆಸರು ಹೇಳಬೇಡಿ ಅಣ್ಣ ಅಂದ. ಇವತ್ತು ನಿಮ್ಮ ಮುಂದೆ ಅದನ್ನೇ ಮಾಡ್ತಿದ್ದೀನಿ. ನಾನು ತಪ್ಪು ಮಾಡಿದೆ.

ಅವನು ವಾಪಸ್ ಬರ್ತಾನಾ? ಬರದೇ ಇರಬಹುದು. ಬಂದರೂ ಆ ಹಳೆಯ ಹುಡುಗನೇ ಬರಲ್ಲ. ಆದರೆ ದಾರಿ ತೆರೆಯೋದು ಅವನು ಬರ್ತಾನೆ ಅನ್ನೋ ಗ್ಯಾರಂಟಿಯ ಮೇಲೆ ನಿಂತಿಲ್ಲ. ಅದು ನಾನು ತೀರಿಸಬೇಕಾದ ಸಾಲ.

ಪ್ರಿಯರೇ, ನಿಮ್ಮಲ್ಲಿ ಕೆಲವರು ಇವತ್ತು ಗೋಡೆಯ ಕೆಳಗೆ ಇದ್ದೀರಿ. ಮನೆಯ ವಾಸನೆ ಬರುತ್ತೆ, ದಾರಿ ಕಾಣಲ್ಲ. ನಿಮಗೆ ನಾನು ಹೇಳೋದಿಷ್ಟೇ, ದಾರಿ ಇಲ್ಲದ್ದು ನಿಮ್ಮ ತಪ್ಪು ಅಂತ ನಂಬಬೇಡಿ. ಇನ್ನು ಕೆಲವರು ನನ್ನ ಹಾಗೆ ಗೋಡೆ ಕಟ್ಟಿದ್ದೀರಿ, ಮೇಲೆ ನಿಂತು ಮೀನು ಬರಲಿ ಅಂತ ಪ್ರಾರ್ಥಿಸ್ತಿದ್ದೀರಿ. ಈ ವಾರ ಒಬ್ಬರಿಗೆ ಫೋನ್ ಮಾಡಿ. "ಯಾಕೆ ಬರ್ತಿಲ್ಲ" ಅಂತ ಕೇಳಬೇಡಿ. "ನಾನು ಏನು ಅಡ್ಡ ಇಟ್ಟೆ" ಅಂತ ಕೇಳಿ. ಉತ್ತರ ಬಂದಾಗ ಸಮಜಾಯಿಷಿ ಕೊಡಬೇಡಿ.

ಯೆಹೆಜ್ಕೇಲ 47ರಲ್ಲಿ ದೇವಾಲಯದ ಹೊಸ್ತಿಲ ಕೆಳಗಿಂದ ನೀರು ಹೊರಡುತ್ತೆ. ಮೊದಲು ಕಾಲಿನ ಹರಡಿನಷ್ಟು, ಆಮೇಲೆ ಮೊಣಕಾಲು, ಸೊಂಟ, ಕೊನೆಗೆ ಈಜಬೇಕಾದಷ್ಟು. ಆ ನೀರು ಹೋದಲ್ಲೆಲ್ಲಾ ಸತ್ತ ಸಮುದ್ರವೂ ಜೀವ ಪಡೆದು ಮೀನುಗಳಿಂದ ತುಂಬುತ್ತೆ, ದಡದಲ್ಲಿ ಬೆಸ್ತರು ಬಲೆ ಒಣಗಿಸ್ತಾರೆ. ಆ ನೀರು ಹೊರಟದ್ದು ಎಲ್ಲಿಂದ? ದೇವರ ಮನೆಯಿಂದ, ಹೊರಗಡೆಗೆ. ದೇವರ ಮನೆಯ ಹೊಸ್ತಿಲಲ್ಲಿ ನೀರಿಗೆ ದಾರಿ ಇತ್ತು. ನಮ್ಮ ಹೊಸ್ತಿಲಲ್ಲಿ ಇದೆಯಾ?

ಎದ್ದು ನಿಲ್ಲೋಣ. ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಾವು ಕಳೆದುಕೊಂಡವರಿಗಾಗಿ ನಿನ್ನ ಹತ್ತಿರ ಬೇಡಿದ್ದೇವೆ. ಅವರು ಬರಬೇಕಾದ ದಾರಿಯಲ್ಲಿ ನಾವೇ ನಿಂತಿದ್ದರೆ ನಮ್ಮನ್ನು ಪಕ್ಕಕ್ಕೆ ಸರಿಸು. ಬದಲಾಗಿ ಬಂದವರನ್ನು ಬದಲಾದ ಹಾಗೆಯೇ ಅಪ್ಪಿಕೊಳ್ಳುವ ಹೃದಯ ಕೊಡು. ಅಳುವವರು ಅಳಲಿ, ಹರ್ಷಿಸುವವರು ಹರ್ಷಿಸಲಿ, ನಿನ್ನ ಕೆಲಸ ಮಾತ್ರ ಮುಂದುವರಿಯಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.